ಶರಣಪ್ಪ ಸರ್ ಕರೆಯುತ್ತಿದ್ದ ಹೆಸರು

ಶರಣಪ್ಪ ಸರ್ ಕೊರಳಲ್ಲಿ ಸದಾ ಒಂದು ಸೀಟಿ ಇರುತ್ತಿತ್ತು, ಆದರೆ ಅದನ್ನು ಅವರು ಊದಿದ್ದನ್ನು ನಾವ್ಯಾರೂ ಕೇಳಿರಲಿಲ್ಲ. ಸ್ಕೂಟರಿನ ಕೀಲಿಕೈ ಕಳೆಯಬಾರದೆಂದು ಅದರ ದಾರಕ್ಕೆ ಕಟ್ಟಿಕೊಂಡಿದ್ದರು, ಅಷ್ಟೇ ಅದರ ಉಪಯೋಗ. ಮೈದಾನದ ಆ ತುದಿಯಲ್ಲಿರುವ ಹುಡುಗನನ್ನು ಈ ತುದಿಗೆ ಕರೆಸಬೇಕಾದರೂ ಹೆಸರು ಹಿಡಿದೇ ಕೂಗುತ್ತಿದ್ದರು. ಆ ದನಿ ಅಫಜಲಪುರದ ಬಸ್ ಸ್ಟ್ಯಾಂಡಿನ ತನಕ ಕೇಳುತ್ತದೆಂದು ಹುಡುಗರು ಹೇಳುತ್ತಿದ್ದರು. ಅದು ನಿಜವೇ ಇರಬೇಕು, ಯಾಕೆಂದರೆ ಕ್ಲಾಸಿಗೆ ಚಕ್ಕರ್ ಹೊಡೆದು ಅಲ್ಲಿ ಚಹಾ ಕುಡಿಯುತ್ತ ನಿಂತವರು ಗ್ಲಾಸನ್ನು ಅಲ್ಲೇ ಬಿಟ್ಟು ಓಡಿ ಬಂದದ್ದನ್ನು ನಾನೇ ಕಂಡಿದ್ದೇನೆ. ಸೀಟಿ ಯಾಕೆ ಊದುವುದಿಲ್ಲ ಎಂದು ಒಮ್ಮೆ ಯಾರೋ ಕೇಳಿದರು.

“ಸೀಟಿಗಿ ದನಾನೂ ತಿರಗ್ತಾವಲೇ,” ಅಂದರು ಸರ್. “ಮನಿಷ್ಯಾ ಅಂದ್ರ ತನ್ನ ಹೆಸರಿಗಿ ತಿರಗಬೇಕು.”

ಅವರು ನಮ್ಮ ಕಾಲೇಜಿನ ದೈಹಿಕ ಶಿಕ್ಷಣದ ಮಾಸ್ತರರು. ಊರು ಯಡ್ರಾಮಿ. ಒಣಕಲು ಮೈ, ಒಂದು ಮೊಣಕಾಲು ಪೂರ್ತಿ ಮಡಚುತ್ತಿರಲಿಲ್ಲ, ಹೆಗಲ ಮೇಲೆ ಒಂದು ಟವೆಲ್ಲು. ಹೊಸಬರು ನೋಡಿದರೆ ಈ ಮನುಷ್ಯ ಕಬಡ್ಡಿ ಕಲಿಸುತ್ತಾನೆಂದರೆ ನಂಬುತ್ತಿರಲಿಲ್ಲ. ನಮ್ಮ ಮೈದಾನವೋ ಎರೆಮಣ್ಣಿನದು, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಾಲು ಸಿಕ್ಕಿಕೊಳ್ಳುತ್ತಿತ್ತು. ದೊಡ್ಡ ಕಾಲೇಜುಗಳ ಹಾಗೆ ಮ್ಯಾಟ್ ಹಾಸುವ ಯೋಗ ನಮಗಿರಲಿಲ್ಲ. ಸರ್ ತಮ್ಮ ಪರಿಚಯದವರ ಕಣದಿಂದ ತೊಗರಿ ಹೊಟ್ಟು ತರಿಸಿ, ಮಣ್ಣಿನ ಜೊತೆ ಕಲಸಿ ಅಂಕಣಕ್ಕೆ ಹರಡಿಸುತ್ತಿದ್ದರು. ಬಿದ್ದರೆ ಮೈ ತರಚುತ್ತಿರಲಿಲ್ಲ, ಅದೇನೋ ಖರೆ. ಆದರೆ ಆಮೇಲೆ ಇಡೀ ದಿನ ಕ್ಲಾಸಿನಲ್ಲಿ ಕೂತು ಕೆರೆದುಕೊಳ್ಳಬೇಕಾಗುತ್ತಿತ್ತು. ಕೆರೆದುಕೊಳ್ಳುವವರೆಲ್ಲ ಕಬಡ್ಡಿ ತಂಡದವರೆಂದು ಹುಡುಗಿಯರಿಗೂ ಗೊತ್ತಾಗಿ ನಮ್ಮ ಮಾನ ಹೋಗಿತ್ತು. ಆಟ ಮುಗಿದ ಮೇಲೆ ಸರ್ ತಮ್ಮ ಡಬ್ಬಿ ತೆಗೆದು ಎಲ್ಲರಿಗೂ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿ ಕೊಡುತ್ತಿದ್ದರು. ಅದನ್ನು ಮಾಡಿ ಕಳಿಸುತ್ತಿದ್ದವರು ಅವರ ಮನೆಯವರು. ನಾವು ಅವರನ್ನು ಅಕ್ಕೋರು ಅನ್ನುತ್ತಿದ್ದೆವು.

ಅವರು ಕಲಿಸುವ ರೀತಿ ಬೇರೆ ಯಾರಲ್ಲೂ ನಾನು ಕಾಣಲಿಲ್ಲ. ಎದುರಿನವನು ನಮ್ಮ ಅಂಕಣಕ್ಕೆ ನುಗ್ಗಿ, ಯಾರನ್ನಾದರೂ ಮುಟ್ಟಿ ಓಡಿಹೋಗಬೇಕು. ನಾವು ಅವನನ್ನು ಹಿಡಿದು ನಿಲ್ಲಿಸಬೇಕು. ಹಿಂದಿನ ಎಡಮೂಲೆಯಲ್ಲಿ ನಿಂತವನ ಕೆಲಸ, ಅವನು ಹೊರಳುವ ಗಳಿಗೆಗೆ ಬಗ್ಗಿ ಅವನ ಹಿಮ್ಮಡಿ ಹಿಡಿಯುವುದು. ಆ ಗಳಿಗೆ ಯಾವುದು ಎನ್ನುವುದು ಅಂಕಣದ ಹೊರಗೆ ಕೂತ ಸರ್‌ಗೆ ನಮಗಿಂತ ಮೊದಲೇ ಕಾಣುತ್ತಿತ್ತು. ಆಗ ಅವರು ಹಿಡಿಯಬೇಕಾದವನ ಹೆಸರು ಕೂಗುತ್ತಿದ್ದರು. “ಹಿಡಿ” ಅಂತಲೂ ಇಲ್ಲ, “ಬಿಡಬ್ಯಾಡ” ಅಂತಲೂ ಇಲ್ಲ, ಬರೀ ಹೆಸರು. ಕೇಳಿದ ಕೂಡಲೇ ಕಣ್ಣು ಮುಚ್ಚಿ ಹಾರಬೇಕು.

“ನೋಡಿ, ಇಚಾರ ಮಾಡಿ ಹಿಡೀತೇನಿ ಅಂದ್ರ ಅಷ್ಟರಾಗ ಅವ ಮನಿಗಿ ಹೋಗಿ ಊಟಾ ಮಾಡ್ತಿರ್ತಾನ. ನಾ ಹೆಸರು ಅಂದೆ ಅಂದ್ರ ನಿನ್ನ ಕೈ ಅವನ ಕಾಲ ಮ್ಯಾಲ ಇರಬೇಕು.”

ಹಾಗೆ ಹಾರುವುದರಲ್ಲಿ ದತ್ತುವನ್ನು ಮೀರಿಸುವವರಿರಲಿಲ್ಲ. ಅವನ ಅಪ್ಪನಿಗೆ ಗಾಣಗಾಪುರದಲ್ಲಿ ಗುಡಿಯ ದಾರಿಗೆ ತೆಂಗಿನಕಾಯಿ, ಹೂವಿನ ಅಂಗಡಿ. ಕಬಡ್ಡಿ ಆಡುವವರಲ್ಲಿ ಇರುವ ಜಂಬ ಅವನಲ್ಲಿ ಇರಲಿಲ್ಲ. ಹಿಡಿದವನನ್ನು ತಾನೇ ಎಬ್ಬಿಸಿ ಬೆನ್ನಿನ ಮಣ್ಣು ಒರೆಸಿ ಕಳಿಸುತ್ತಿದ್ದ. ಎಡಮೂಲೆಯಲ್ಲಿ ಅವನು, ಅವನ ಪಕ್ಕಕ್ಕೆ ಕೈ ಹಿಡಿದು ಬಸವರಾಜ. ಅವರಿಬ್ಬರೂ ಇದ್ದಾರೆಂದರೆ ಎಷ್ಟೋ ತಂಡಗಳ ಹುಡುಗರು ಆ ಕಡೆ ಹೆಜ್ಜೆಯನ್ನೇ ಹಾಕುತ್ತಿರಲಿಲ್ಲ. ಸರ್ ದತ್ತುವನ್ನು ಕರೆಯುವಾಗ ಆ ಹೆಸರಿನ ಕೊನೆಯನ್ನು ಸ್ವಲ್ಪ ಎಳೆಯುತ್ತಿದ್ದರು.

ಕಬ್ಬಿನ ಹಂಗಾಮು ಜೋರಾಗಿದ್ದ ಕಾಲ. ಬೆಳಗಿನ ಕತ್ತಲಲ್ಲಿ ಪ್ರಾಕ್ಟೀಸಿಗೆಂದು ದತ್ತು ಬೈಕ್ ಮೇಲೆ ಬರುತ್ತಿದ್ದ. ರಸ್ತೆಯ ನಡುವೆ ಒಂದು ಕಬ್ಬಿನ ಟ್ರ್ಯಾಕ್ಟರ್ ಕೆಟ್ಟು ನಿಂತಿತ್ತು, ಹಿಂದೆ ಎರಡು ಟ್ರಾಲಿ. ಅವಕ್ಕೆ ದೀಪವಿಲ್ಲ, ಒಂದು ಕೆಂಪು ಬಟ್ಟೆಯ ತುಂಡೂ ಇಲ್ಲ. ನಮ್ಮ ಕಡೆ ಪ್ರತಿ ವರ್ಷ ಯಾರಾದರೊಬ್ಬರು ಹೀಗೆ ಹೋಗುತ್ತಾರೆ. ಆ ವರ್ಷ ದತ್ತು ಹೋದ. ಅವನ ಮಣ್ಣಿಗೆ ನಾವೆಲ್ಲ ಹೋಗಿದ್ದೆವು. ಸರ್ ಅವನ ಅಪ್ಪನ ಹತ್ತಿರವೂ ಹೋಗಲಿಲ್ಲ, ದೂರದ ಬೇವಿನ ಗಿಡಕ್ಕೆ ಒರಗಿ ನಿಂತೇ ಇದ್ದರು.

ಪಂದ್ಯಗಳು ಹತ್ತಿರ ಬಂದಿದ್ದವು. ಎಡಮೂಲೆಗೆ ಯಾರಾದರೂ ಬೇಕಿತ್ತು, ನನ್ನನ್ನು ನಿಲ್ಲಿಸಿದರು. ನಾನು ಸಿದ್ರಾಮ, ಮಾದನಹಿಪ್ಪರಗಾದವನು. ಆ ತನಕ ನಾನು ತಂಡದಲ್ಲಿದ್ದೆ ಅನ್ನುವುದಕ್ಕೆ ಗ್ರೂಪ್ ಫೋಟೋದ ಕೊನೆಯ ಸಾಲಿನಲ್ಲಿ ಕಾಣುವ ನನ್ನ ಅರ್ಧ ಮುಖವೇ ಪುರಾವೆ. ಆಡುವವರ ನೀರಿನ ಬಾಟಲಿ ಹಿಡಿದು ನಿಲ್ಲುವುದರಲ್ಲಿ ಒಳ್ಳೆಯ ಹೆಸರು ಮಾಡಿದ್ದೆ. ಅಂಥವನು ಬಸವರಾಜನ ಕೈ ಹಿಡಿದು ಮೂಲೆಯಲ್ಲಿ ನಿಂತೆ. ನಮ್ಮದೇ ಹುಡುಗನೊಬ್ಬ ರೇಡ್ ಮಾಡುತ್ತ ಬಂದು ಹೊರಳಿದ.

“ದತ್ತೂ!” ಎಂದು ಕೇಳಿಸಿತು.

ನಾನು ಅಲ್ಲಾಡಲಿಲ್ಲ. ರೇಡ್ ಮಾಡುತ್ತಿದ್ದವನೂ ಓಡುವುದನ್ನು ಮರೆತು ನಿಂತ. ಸರ್ ನನಗೆ ಬೈದರು, ಕಿವಿ ಮನೆಯಲ್ಲಿ ಇಟ್ಟು ಬಂದಿದ್ದೀಯೇನು ಎಂದರು. ಬಸವರಾಜ ನನ್ನ ಕೈಯನ್ನು ಗಟ್ಟಿಯಾಗಿ ಒತ್ತಿ ಹಿಡಿದಿದ್ದ. ಆಟ ಮುಗಿದ ಮೇಲೆ ಅವನು ನನ್ನನ್ನು ಪಕ್ಕಕ್ಕೆ ಕರೆದು, ಸರ್ ಏನಂತ ಕರೆದರೋ ಅದು ಅವರಿಗೇ ಗೊತ್ತಿಲ್ಲ, ನೀನೂ ಹೇಳಬೇಡ, ತಾನೇ ಹೋಗುತ್ತದೆ ಎಂದ.

ಅದು ಹೋಗಲಿಲ್ಲ. ಗೆರೆಯ ಹೊರಗೆ ನಾನು ಸಿದ್ರಾಮನೇ. ಸಿದ್ರಾಮ, ರೊಟ್ಟಿ ತಿಂದೇನು, ಸಿದ್ರಾಮ, ಕಾಲು ಯಾಕ ಬಾತದ ಎಂದು ಚೆನ್ನಾಗಿಯೇ ವಿಚಾರಿಸುತ್ತಿದ್ದರು. ಗೆರೆಯ ಒಳಗೆ ಕಾಲಿಟ್ಟರೆ ದತ್ತು. ನನಗೆ ಸಿಟ್ಟು ಬರುತ್ತಿತ್ತು. ಹಿಡಿದವನು ನಾನು, ಮಂಡಿ ಒಡೆದುಕೊಂಡವನು ನಾನು, ಕೂಗು ಮಾತ್ರ ಅವನ ಹೆಸರಿಗೆ. ಸತ್ತವನ ಮೇಲೆ ಸಿಟ್ಟು ಮಾಡುತ್ತಿದ್ದೇನಲ್ಲ ಎಂದು ಆಮೇಲೆ ನಾಚಿಕೆಯೂ ಆಗುತ್ತಿತ್ತು. ಆದರೆ ಆ ಹೆಸರಿಗೆ ಹಾರುವುದನ್ನು ನನ್ನ ಮೈ ಕಲಿತುಬಿಟ್ಟಿತು. ಒಂದು ದಿನ ಬಸವರಾಜ ನನ್ನನ್ನು ಒಂಥರಾ ನೋಡಿದ. ಹಿಡಿಯುವ ಮೊದಲು ಎಡಗೈಯನ್ನು ನೆಲಕ್ಕೆ ಊರುವುದನ್ನು ಯಾರು ಕಲಿಸಿದರು ಎಂದು ಕೇಳಿದ. ಯಾರೂ ಕಲಿಸಿರಲಿಲ್ಲ. ನಾನು ಹಾಗೆ ಊರುತ್ತೇನೆಂಬುದೇ ನನಗೆ ಗೊತ್ತಿರಲಿಲ್ಲ. ಅದು ದತ್ತುವಿನ ರೂಢಿ ಎಂದ.

ಆ ವರ್ಷ ನಾವು ಸೋಲಲೇ ಇಲ್ಲ. ಅದಕ್ಕೆ ಮುಂಚೆ ನಮ್ಮ ತಂಡ ಮೊದಲನೇ ಪಂದ್ಯ ಆಡಿ, ಕೊಟ್ಟ ಬಾಳೆಹಣ್ಣು ತಿಂದು, ಮಧ್ಯಾಹ್ನದ ಬಸ್ಸಿಗೆ ವಾಪಸ್ ಬರುವ ತಂಡ. ಈಗ ಹೋದಲ್ಲೆಲ್ಲ ಗೆದ್ದೆವು. ನಮ್ಮ ರೇಡರುಗಳೂ ಚೆನ್ನಾಗಿಯೇ ಆಡಿದರು, ಆದರೆ ಎದುರಿನವರು ಬಂದು ಬೀಳುತ್ತಿದ್ದದ್ದು ನಮ್ಮ ಎಡಮೂಲೆಯಲ್ಲಿ. ನೋಡಲು ಬಂದ ಜನ ಸರ್ ಕೂಗಿದ್ದನ್ನೇ ನನ್ನ ಹೆಸರೆಂದು ತಿಳಿದು, ದತ್ತು, ದತ್ತು ಎಂದು ಸಿಳ್ಳೆ ಹೊಡೆಯುತ್ತಿದ್ದರು. ಸುದ್ದಿ ಮಾದನಹಿಪ್ಪರಗಾಕ್ಕೂ ಮುಟ್ಟಿತು. ನಮ್ಮವ್ವ ಗೆದ್ದದ್ದನ್ನು ಕೇಳಿ ಹಿಗ್ಗಲಿಲ್ಲ. ನನ್ನನ್ನು ಎದುರಿಗೆ ಕೂರಿಸಿಕೊಂಡು, ಖರೆ ಏನು ಎಂದು ಕೇಳಿದಳು.

“ಹೋದವರ ಹೆಸರಿಗಿ ಓ ಅನಬಾರದಪ್ಪಾ. ಅವ್ರು ತಮ್ಮನ್ನೇ ಕರದಾರಂತ ತಿರುಗಿ ಬರ್ತಾರ. ಬಂದವ್ರಿಗಿ ಜಾಗಾ ಬೇಕಲ್ಲ?”

ಆಟ ಬಿಡು ಎಂದಳು, ನಾನು ಬಿಡಲಿಲ್ಲ. ಕೊನೆಗೆ ನನ್ನ ಕಾಲಿಗೆ ಕರಿದಾರ ಕಟ್ಟಿದಳು. ಅಂಥದ್ದನ್ನೆಲ್ಲ ನಂಬುವವನಲ್ಲ ನಾನು ಎಂದು ನಕ್ಕೆ. ಅದನ್ನು ಬಿಚ್ಚಲಿಲ್ಲ ಎನ್ನುವುದನ್ನೂ ಹೇಳಿಬಿಡಬೇಕು.

ಸೆಮಿಫೈನಲ್ ಆಳಂದದಲ್ಲಿತ್ತು. ಎದುರಿನ ತಂಡದ ಮುಖ್ಯ ರೇಡರ್ ಒಬ್ಬ ಎತ್ತರದ ಹುಡುಗ, ಕಾಲೇಜಿಗೆ ಬರುವ ಮೊದಲು ದತ್ತುವಿನ ಜೊತೆ ಎಷ್ಟೋ ಊರುಗಳಲ್ಲಿ ಆಡಿದ್ದವನು. ಮಣ್ಣಿಗೂ ಬಂದು ಅತ್ತು ಹೋಗಿದ್ದ. ಅವನು ರೇಡಿಗೆ ಬಂದು ಬಸವರಾಜನನ್ನು ಮುಟ್ಟಿ ಹೊರಳಿದ. ಸರ್ ಎಂದಿನ ಹಾಗೆ ಕೊನೆಯನ್ನು ಎಳೆದು ದತ್ತೂ ಎಂದು ಕೂಗಿದರು. ಓಡಬೇಕಾದ ಹುಡುಗ ನಿಂತು ಮೂಲೆಯ ಕಡೆ ತಿರುಗಿ ನೋಡಿದ. ನಾನು ಅವನ ಹಿಮ್ಮಡಿ ಹಿಡಿದಾಗ ಕೆಳಗಿನಿಂದ ಅವನ ಮುಖ ನೋಡಿದೆ. ಅವನು ನೋಡುತ್ತಿದ್ದದ್ದು ನನ್ನನ್ನಲ್ಲ, ನಾನಿದ್ದ ಜಾಗವನ್ನು. ಮತ್ತೊಮ್ಮೆಯೂ ಹಾಗೇ ಆಯಿತು. ಆಮೇಲೆ ಅವನು ನಮ್ಮ ಎಡಕ್ಕೆ ಬರಲೇ ಇಲ್ಲ, ನಾವು ಗೆದ್ದೆವು.

ಆ ತಂಡದ ಮ್ಯಾನೇಜರ್ ನಮ್ಮ ಸರ್ ಹತ್ತಿರ ಬಂದು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು. “ಸತ್ತ ಹುಡುಗನ ಹೆಸರು ಒದರಿ ನಮ್ಮ ಹುಡುಗನ್ನ ಅಂಜಸ್ತೀರೇನ್ರಿ? ಇದೊಂದು ಆಟೇನ್ರಿ?”

ಸರ್ ಮೊದಲು ನಕ್ಕರು, ಏನೋ ಚೇಷ್ಟೆ ಎಂದುಕೊಂಡು. ಆಮೇಲೆ ನಮ್ಮ ಕಡೆ ನೋಡಿದರು. ಇಡೀ ತಂಡ ನೆಲ ನೋಡುತ್ತ ನಿಂತಿತ್ತು. ಅವರು ನನ್ನೆದುರಿಗೆ ಬಂದರು.

“ಸಿದ್ರಾಮ, ನಾ ಹಂಗ ಕರದೇನೇನು?”

“ಹೌದ್ರಿ ಸರ್. ಮೊದಲ್ನೇ ದಿನದಿಂದ.”

“ಮತ್ತ ನೀ ಯಾಕ ಹೋದಿ?”

“ನೀವು ಕರದ್ರಿ, ಅದಕ್ಕ.”

ಅವರು ಮಡಚಲಾಗದ ಕಾಲನ್ನು ಮುಂದೆ ಚಾಚಿ ಅಲ್ಲೇ ನೆಲಕ್ಕೆ ಕೂತರು. ಆ ಮ್ಯಾನೇಜರ್ ಕೂಡ ಮಾತು ನಿಲ್ಲಿಸಿ, ಒಂದು ಗ್ಲಾಸು ನೀರು ತರಿಸಿ ಕೊಟ್ಟು ಹೋದರು.

ವಾಪಸ್ ಬರುವಾಗ ಕ್ರೂಸರ್ ಜೀಪಿನಲ್ಲಿ ಗೆದ್ದವರ ಗದ್ದಲವಿರಲಿಲ್ಲ. ಸರ್ ಡ್ರೈವರನ ಪಕ್ಕ ಕೂತಿದ್ದರು. ಎದುರಿನಿಂದ ಕಬ್ಬಿನ ಟ್ರಾಲಿಗಳು ಬರುತ್ತಲೇ ಇದ್ದವು. ಬಹಳ ಹೊತ್ತಾದ ಮೇಲೆ, ಹಿಂದೆ ತಿರುಗಿ ನೋಡದೆಯೇ ಅವರು ಮಾತಾಡಿದರು.

“ಅವತ್ತ ನಾ ಫೋನ್ ಮಾಡಿದ್ದೆ. ಎಲ್ಲಾರೂ ಬಂದಾರ, ನೀ ಎಲ್ಲಿ ಸತ್ತಿ, ಜಲ್ದಿ ಬಾ ಅಂತ ಅಂದೆ. ಬಂದೇನ್ರಿ ಸರ್ ಅಂದ. ನಾ ಕರದದ್ದಕ್ಕ ಹೊಂಟಾನ. ನಿದ್ದಿ ಮಾಡ್ಕೋ ಅಂದಿದ್ರ ಇರ್ತಿದ್ದ.”

ನಮ್ಮ ಕಡೆ ತಡಮಾಡಿದವರಿಗೆಲ್ಲ ಎಲ್ಲಿ ಸತ್ತಿ ಅಂತಲೇ ಕೇಳುತ್ತೇವೆ. ನಮ್ಮವ್ವ ನನಗೆ ದಿನಾ ಅನ್ನುತ್ತಾಳೆ, ನಾನು ನನ್ನ ತಮ್ಮನಿಗೆ ಅನ್ನುತ್ತೇನೆ. ಅದರಲ್ಲಿ ಕೆಟ್ಟದ್ದೇನೂ ಇಲ್ಲ ಎಂದು ಯಾರಾದರೂ ಅವರಿಗೆ ಹೇಳಬೇಕಿತ್ತು. ಬಸವರಾಜ ಕಿಟಕಿಗೆ ಮುಖ ಹಚ್ಚಿ ಅಳುತ್ತಿದ್ದ.

ಫೈನಲ್ ಜೇವರ್ಗಿಯಲ್ಲಿ ನಡೆಯಿತು. ಸರ್ ಬಂದರು, ಅಂಕಣದ ಅಂಚಿಗೆ ಕೂತರು, ಟವೆಲಿನ ತುದಿಯನ್ನು ಬಾಯಲ್ಲಿ ತುರುಕಿಕೊಂಡರು. ಬಾಯಿ ತಪ್ಪಿ ಕೂಡ ಆ ಹೆಸರು ಬರಬಾರದೆಂದು. ನಾನು ಇದನ್ನೇ ತಾನೇ ಇಷ್ಟು ದಿನ ಬಯಸಿದ್ದು? ಆದರೆ ದನಿಯಿಲ್ಲದ ಆ ಮೂಲೆಯಲ್ಲಿ ನನ್ನ ಕೈ ಪ್ರತಿ ಸಲ ತಡವಾಗಿ ಹೋಯಿತು. ನೋಡಿ, ವಿಚಾರ ಮಾಡಿ ಹಿಡಿಯಲು ಹೋಗುತ್ತಿದ್ದೆ. ಎದುರಿನವರು ಒಬ್ಬರ ಹಿಂದೆ ಒಬ್ಬರು ನನ್ನನ್ನೇ ಮುಟ್ಟಿ ಓಡಿದರು. ಅರ್ಧ ಆಟ ಮುಗಿಯುವಷ್ಟರಲ್ಲಿ ನಾವು ಬಹಳ ಹಿಂದೆ ಬಿದ್ದಿದ್ದೆವು. ಉಳಿದವರು ನೀರು ಕುಡಿಯುತ್ತಿರುವಾಗ ನಾನು ಸರ್ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತೆ.

“ಸರ್, ಕರೀರಿ.”

ಅವರು ಟವೆಲ್ಲನ್ನು ಬಾಯಿಂದ ತೆಗೆದರು. “ಏನಂತ ಕರೀಲಿ?”

“ನಿಮ್ಮ ಬಾಯಿಗಿ ಏನು ಬರ್ತದ ಅದನ್ನ ಕರೀರಿ. ನಾ ಹೋಗ್ತೇನಿ.”

“ನಿಮ್ಮವ್ವ ಬ್ಯಾಡ ಅಂದಾಳಂತ.”

“ಅವ್ವಗ ನಾ ಹೇಳ್ಕೋತೇನ್ರಿ.”

ಆಟ ಮತ್ತೆ ಶುರುವಾಯಿತು. ಮೊದಲ ಸಲ ಅವರು ಸಿದ್ರಾಮ ಎಂದು ಕರೆದರು. ಪ್ರಯತ್ನಪಟ್ಟು ಕರೆದರು, ಪಾಪ. ಆದರೆ ಆ ಕೂಗು ತಡವಾಗಿ ಬಂತು, ಅಷ್ಟರಲ್ಲಿ ರೇಡರ್ ಗೆರೆ ದಾಟಿದ್ದ. ಎರಡನೆಯ ಸಲ ಆ ಹಳೆಯ ದನಿ ಬಂತು. ತಿಳಿಯದೆ ಕರೆಯುತ್ತಿದ್ದವರು ಈಗ ತಿಳಿದು ಕರೆದರು. ಇಡೀ ಮೈದಾನಕ್ಕೆ ಕೇಳಿಸುವ ಹಾಗೆ, ಕೊನೆಯನ್ನು ಎಳೆದು. ನಾನು ಹಾರಿದೆ. ಮತ್ತೆ ಕರೆದರು, ಮತ್ತೆ ಹಾರಿದೆ. ಬಸವರಾಜನ ಕೈ ನನ್ನ ಕೈಯಲ್ಲಿ ಬೆವರಿ ಜಾರುತ್ತಿತ್ತು, ಅವನು ಬಿಡಲಿಲ್ಲ. ಕೊನೆಯ ರೇಡಿಗೆ ಬಂದವನನ್ನು ಹಿಡಿದು ನೆಲಕ್ಕೆ ಹಾಕಿದಾಗ ನನ್ನ ಎಡಗೈ ಮಣ್ಣಿನಲ್ಲಿ ಊರಿತ್ತು. ಕರೆದಾಗ ಮೂಲೆಯಿಂದ ಹೋದವನು ನಾನೇ ಎಂದು ಇವತ್ತಿಗೂ ನಾನು ಎದೆ ತಟ್ಟಿ ಹೇಳಲಾರೆ.

ಗೆದ್ದೆವು. ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಅತ್ತರು. ಸರ್ ಮಾತ್ರ ಕೂತಲ್ಲಿಂದ ಏಳಲಿಲ್ಲ, ಕಪ್ಪನ್ನು ಕೈಯಿಂದ ಮುಟ್ಟಲೂ ಇಲ್ಲ. ಮರುದಿನ ನಮ್ಮನ್ನೆಲ್ಲ ಗಾಣಗಾಪುರಕ್ಕೆ ಕರೆದುಕೊಂಡು ಹೋದರು. ಮಣ್ಣಿನ ದಿನ ತಾವು ಹತ್ತಿರ ಹೋಗಲಾರದಿದ್ದ ದತ್ತುವಿನ ಅಪ್ಪನ ಎದುರಿಗೆ ಅವತ್ತು ಹೋಗಿ ನಿಂತರು. ಆ ಹಿರಿಯರು ಕಪ್ಪನ್ನು ತೆಂಗಿನಕಾಯಿಗಳ ನಡುವೆ ಇಟ್ಟು ಸ್ವಲ್ಪ ಹೊತ್ತು ನೋಡಿದರು, ಇದು ಕಾಲೇಜಿನದು ಎಂದು ತಿರುಗಿ ಕೊಟ್ಟರು. ಫೋನಿನ ಮಾತನ್ನು ಸರ್ ಅವರ ಹತ್ತಿರ ಹೇಳಿಕೊಂಡರು. ಅವರು ಸರ್ ಹೆಗಲ ಮೇಲೆ ಕೈ ಇಟ್ಟು, ನೀವು ಕರೆಯದಿದ್ದರೂ ಅವನು ಬರುತ್ತಿದ್ದ, ಅವನಿಗೆ ಮನೆಯಲ್ಲಿ ನಿದ್ದೆ ಎಲ್ಲಿತ್ತು ಎಂದರು. ಆಮೇಲೆ ನನ್ನ ಕಡೆ ತಿರುಗಿ ಹೆಸರು ಕೇಳಿದರು. ಸಿದ್ರಾಮ ಎಂದೆ. ಅವರು ಅದನ್ನು ತಾವೂ ಒಮ್ಮೆ ಅಂದು, ನನ್ನ ಕೈಗೆ ಒಂದು ಕಾಯಿ ಕೊಟ್ಟರು.

ಅಪ್ಪ ಕ್ಷಮಿಸಿದರೂ ಸರ್ ತಮ್ಮನ್ನು ತಾವು ಕ್ಷಮಿಸಿಕೊಳ್ಳಲಿಲ್ಲ. ಮರುವರ್ಷ ಅವರು ಸೀಟಿ ಊದತೊಡಗಿದರು. ಹುಡುಗರನ್ನು ಹೆಸರು ಹಿಡಿದು ಕರೆಯುವುದನ್ನು ಬಿಟ್ಟೇಬಿಟ್ಟರು, ಕೈ ಮಾಡಿ ತೋರಿಸುವರು. ತಡವಾಗಿ ಬಂದವರಿಗೆ ಬೈಯುತ್ತಿರಲಿಲ್ಲ. ಪ್ರಾಕ್ಟೀಸನ್ನು ಸಂಜೆಗೆ ಹಾಕಿದರು. ತಂಡ ಮತ್ತೆ ಮಧ್ಯಾಹ್ನದ ಬಸ್ಸಿಗೆ ವಾಪಸ್ ಬರುವ ತಂಡವಾಯಿತು. ಯಾರಾದರೂ ಆ ವರ್ಷದ ಮಾತೆತ್ತಿದರೆ ಚಹಾ ಕುಡಿಯೋಣ ಬರ್ರಿ ಎಂದು ಎದ್ದುಬಿಡುತ್ತಿದ್ದರು. ನಿವೃತ್ತರಾಗಿ ಯಡ್ರಾಮಿಗೆ ಹೋದರು. ನಾನು ನಮ್ಮೂರ ಹೈಸ್ಕೂಲಿನಲ್ಲಿ ಆಟದ ಮಾಸ್ತರನಾದೆ. ವರ್ಷಕ್ಕೊಮ್ಮೆಯಾದರೂ ಅವರನ್ನು ಕಂಡು ಬರುತ್ತಿದ್ದೆ. ಅವರು ನನ್ನ ಮಕ್ಕಳ ಸುದ್ದಿ ಕೇಳುವರು, ಮಳೆ ಬೆಳೆ ಕೇಳುವರು, ನಾನು ಹೊರಟಾಗ ಬೆಳಕಿರುವಾಗಲೇ ಮನೆ ಮುಟ್ಟು ಎಂದು ಅವಸರಪಡಿಸುವರು.

ಹೋದ ವರ್ಷ ಅವರಿಗೆ ಲಕ್ವ ಹೊಡೆಯಿತೆಂದು ಬಸವರಾಜ ಫೋನ್ ಮಾಡಿದ. ನಾನು ಹೋದಾಗ ಹೊರಗಿನ ಕೋಣೆಯಲ್ಲಿ ಮಂಚದ ಮೇಲೆ ಮಲಗಿಸಿದ್ದರು. ಬಲಭಾಗ ಪೂರ್ತಿ ಹೋಗಿತ್ತು. ಬಸ್ ಸ್ಟ್ಯಾಂಡಿನ ತನಕ ಕೇಳುತ್ತಿದ್ದ ದನಿ ಈಗ ಮಂಚದ ಪಕ್ಕ ಕೂತವರಿಗೂ ಕಿವಿಗೊಟ್ಟರೆ ಮಾತ್ರ ಕೇಳುವಂತಾಗಿತ್ತು. ಒಂದೊಂದು ದಿನ ಗುರುತು ಹಿಡಿಯುತ್ತಾರೆ, ಒಂದೊಂದು ದಿನ ಕಟ್ಟಿಕೊಂಡ ನನ್ನನ್ನೇ ಯಾರು ಎಂದು ಕೇಳುತ್ತಾರೆ ಎಂದು ಅಕ್ಕೋರು ಹೇಳಿದರು. ನಸುಕಿಗೆ ಎಚ್ಚರಾದರೆ ಫೋನ್ ಬೇಕೆಂದು ಹಟ ಮಾಡುತ್ತಾರಂತೆ. ಕೈಗೆ ಕೊಟ್ಟರೆ ಹಿಡಿದುಕೊಂಡು ಸುಮ್ಮನೆ ಅಳುತ್ತಾರಂತೆ. ಅದೇ ನಮ್ಮ ಕೊನೆಯ ಭೇಟಿ. ಎಂಟು ದಿನ ಕಳೆಯುವುದರೊಳಗೆ ಅವರು ಹೋದರು.

ಅವತ್ತು ನಾನು ಮಂಚದ ಅಂಚಿಗೆ ಕೂತು, ನಾ ಸಿದ್ರಾಮ ಬಂದೇನ್ರಿ ಸರ್ ಎಂದೆ. ಅವರು ಬಹಳ ಹೊತ್ತು ನನ್ನ ಮುಖ ನೋಡಿದರು. ಇನ್ನೂ ಅಲ್ಲಾಡುತ್ತಿದ್ದ ಎಡಗೈಯನ್ನು ಚಾಚಿ ನನ್ನ ಮುಂಗೈ ಹಿಡಿದರು. ಇಷ್ಟು ಬಲ ಎಲ್ಲಿಂದ ಬಂತೋ, ನನಗೆ ನೋವಾಯಿತು.

“ದತ್ತು,” ಅಂದರು.

ಇವ ಸಿದ್ರಾಮ ಅದಾನ, ದತ್ತು ಅಲ್ಲ ಎಂದು ಅಕ್ಕೋರು ಹೇಳಲು ಬಂದರು. ನಾನು ಬೇಡ ಎಂದು ಸನ್ನೆ ಮಾಡಿದೆ.

“ಜಲ್ದಿ ಬರಬ್ಯಾಡ,” ಅಂದರು ಸರ್, ಒಂದೊಂದೇ ಮಾತನ್ನು ತಡೆತಡೆದು. “ಇನ್ನಾ ಕತ್ತಲದ. ಬೆಳಕಾದ ಮ್ಯಾಲ ಬಾ. ನಾವು ಕಾಯ್ತೇವಿ.”

“ಆಯ್ತ್ರಿ ಸರ್,” ಅಂದೆ. “ಬೆಳಕಾದ ಮ್ಯಾಲ ಬರ್ತೇನಿ. ಈಗ ಮಕ್ಕೋತೇನಿ.”

ಅವರು ನನ್ನ ಕೈ ಬಿಟ್ಟರು.